ತೆರವಾದ ಸ್ಥಾನ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗವು ಬೆಟ್ಟಕ್ಕೂ ಕೋಟೆಗೂ ಹೆಸರಾದುದು. ಅಲ್ಲಿನ ರೈತನು ವಿಧಾನಸಭೆಯ ಚುನಾವಣೆಯಲ್ಲಿ ಮತ ನೀಡುತ್ತಾನೆ; ಲೋಕಸಭೆಯ ಚುನಾವಣೆಯಲ್ಲಿಯೂ ನೀಡುತ್ತಾನೆ. ಆದರೆ ರಾಜ್ಯಸಭೆಯ ಸದಸ್ಯರನ್ನು ಆರಿಸುವ ದಿನ ಅವನ ಊರಿನಲ್ಲಿ ಮತಗಟ್ಟೆ ಇರುವುದಿಲ್ಲ. ಹಾಗೆಂದ ಮಾತ್ರಕ್ಕೆ ಆ ಚುನಾವಣೆ ಅವನಿಗೆ ಸಂಬಂಧಿಸಿದುದಲ್ಲವೆಂದು ತಿಳಿಯುವುದು ತಪ್ಪು.

ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನಗಳಿವೆ. ಸಂವಿಧಾನದ 80ನೆಯ ವಿಧಿಯಂತೆ ಅವುಗಳಿಗೆ ಸದಸ್ಯರನ್ನು ಆರಿಸುವವರು ವಿಧಾನಸಭೆಯ ಚುನಾಯಿತ ಸದಸ್ಯರು. ವಿಧಾನ ಪರಿಷತ್ತಿನ ಸದಸ್ಯರಿಗೆ ಈ ಹಕ್ಕಿಲ್ಲ. ಜನರಿಂದ ನೇರವಾಗಿ ಆರಿಸಿ ಬಂದ 224 ಮಂದಿಗೆ ಮಾತ್ರ ಇದನ್ನು ಕೊಟ್ಟಿರುವುದರ ಅರ್ಥ ಸ್ಪಷ್ಟವಾಗಿದೆ. ಶಾಸಕನು ಅಂದು ಚಲಾಯಿಸುವುದು ತನ್ನ ಸ್ವಂತ ಮತವನ್ನಲ್ಲ; ಕ್ಷೇತ್ರದ ಜನರು ನಂಬಿ ಒಪ್ಪಿಸಿದ ಇಡುಗಂಟನ್ನು.

2020ರ ಜೂನ್ ತಿಂಗಳಲ್ಲಿ ರಾಜ್ಯಸಭೆಗೆ ಆಯ್ಕೆಯಾದ ರಾಯಚೂರಿನ ಅಶೋಕ್ ಗಸ್ತಿಯವರು ಸೆಪ್ಟೆಂಬರಿನಲ್ಲಿಯೇ ನಿಧನರಾದರು. ತೆರವಾದ ಆ ಸ್ಥಾನಕ್ಕೆ, ಉಳಿದ ಅವಧಿಯ ಮಟ್ಟಿಗೆ, ಕೆ. ನಾರಾಯಣ ಅವರು ಅದೇ ವರ್ಷ ಅವಿರೋಧವಾಗಿ ಆಯ್ಕೆಯಾದರು. ಮತದಾನದ ಅಗತ್ಯವೇ ಬೀಳಲಿಲ್ಲ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಒಂದು ಪಕ್ಷದ ಸಂಖ್ಯಾಬಲ ನಿಚ್ಚಳವಾಗಿರುವಾಗ ಸ್ಪರ್ಧೆ ವ್ಯರ್ಥವೆನ್ನುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಸ್ಪರ್ಧೆ ಇಲ್ಲದಿದ್ದರೂ ಸಾರ್ವಜನಿಕ ಚರ್ಚೆ ಇರಬೇಡವೇ?

ಈ ಪ್ರಶ್ನೆಗೆ ಬಲವಾದ ಕಾರಣವಿದೆ. 2003ರ ತಿದ್ದುಪಡಿಯಿಂದ ಅಭ್ಯರ್ಥಿಯು ಅದೇ ರಾಜ್ಯದ ಮತದಾರನಾಗಿರಬೇಕೆಂಬ ನಿಯಮ ಹೋಯಿತು. ಗುಪ್ತ ಮತದಾನದ ಬದಲು ಬಹಿರಂಗ ಮತದಾನ ಬಂದಿತು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಇವೆರಡನ್ನೂ ಎತ್ತಿಹಿಡಿಯಿತು. ಮತದ ಮಾರಾಟಕ್ಕೆ ತಡೆಯಾಗಲೆಂಬುದು ಬಹಿರಂಗ ಮತದಾನದ ಉದ್ದೇಶ. ಅದರೊಡನೆ ಶಾಸಕನ ಮೇಲೆ ಪಕ್ಷದ ಹಿಡಿತವೂ ಬಿಗಿಯಾಯಿತು. ಇನ್ನೊಂದೆಡೆ ರಾಜ್ಯಸಭೆಯ ಅಧಿಕಾರವೇನೂ ಅಲ್ಪವಲ್ಲ. ಅದು ಮೂರನೆಯ ಎರಡರಷ್ಟು ಬಹುಮತದಿಂದ ನಿರ್ಣಯಿಸಿದರೆ, ರಾಜ್ಯಪಟ್ಟಿಯ ವಿಷಯಗಳ ಮೇಲೂ ಸಂಸತ್ತು ಕಾನೂನು ಮಾಡಬಹುದು. ಕೃಷಿ, ನೀರಾವರಿಗಳು ಆ ಪಟ್ಟಿಯಲ್ಲಿವೆ. ರಾಜ್ಯದ ಹೊಸ್ತಿಲನ್ನು ಕಾಯಬೇಕಾದವರು ಯಾರೆಂಬುದು ಜನರಿಗೆ ತಿಳಿಯದೆ ತೀರ್ಮಾನವಾಗಬಾರದು.

ಅಮೆರಿಕದಲ್ಲಿಯೂ ಸೆನೆಟರುಗಳನ್ನು ಮೊದಲು ರಾಜ್ಯಗಳ ಶಾಸನಸಭೆಗಳೇ ಆರಿಸುತ್ತಿದ್ದವು. 1913ರಲ್ಲಿ ಆ ಹಕ್ಕು ನೇರವಾಗಿ ಜನರಿಗೆ ಬಂದಿತು. ಭಾರತವು ಅದೇ ದಾರಿ ಹಿಡಿಯಬೇಕಾಗಿಲ್ಲ. ನೇರ ಚುನಾವಣೆಯಾದರೆ ರಾಜ್ಯಸಭೆಯು ಮತ್ತೊಂದು ಲೋಕಸಭೆಯಾದೀತು. ಬೇಕಾದುದು ಇಷ್ಟೇ: ಪಕ್ಷಗಳು ಅಭ್ಯರ್ಥಿಯ ಹೆಸರನ್ನು ಮುಂಚಿತವಾಗಿ ಪ್ರಕಟಿಸಲಿ, ಅಭ್ಯರ್ಥಿಯು ರಾಜ್ಯದ ಸಮಸ್ಯೆಗಳ ಬಗೆಗೆ ತನ್ನ ನಿಲುವನ್ನು ಜನರ ಮುಂದಿಡಲಿ, ಶಾಸಕನು ತಾನು ಯಾರನ್ನು ಏಕೆ ಬೆಂಬಲಿಸಿದನೆಂದು ತನ್ನ ಕ್ಷೇತ್ರದಲ್ಲಿ ವಿವರಿಸಲಿ.

ಇಡುಗಂಟನ್ನು ಪಡೆದವನು ಲೆಕ್ಕ ಒಪ್ಪಿಸುವುದು ಧರ್ಮ. ಕೊಟ್ಟವನು ಲೆಕ್ಕ ಕೇಳುವುದೂ ಅಷ್ಟೇ ದೊಡ್ಡ ಧರ್ಮ. ಮಾಕಳಿದುರ್ಗದ ಮತದಾರನು ಹಾಗೆ ಕೇಳತೊಡಗಿದರೆ, ತೆರವಾದ ಸ್ಥಾನ ತುಂಬುವುದಷ್ಟೇ ಅಲ್ಲ, ಪ್ರಜಾಪ್ರಭುತ್ವವೂ ತುಂಬಿಕೊಳ್ಳುತ್ತದೆ.