ನವಣೆಯಷ್ಟು ದಪ್ಪ, ನಾಲ್ಕು ಸೆಂಟಿಮೀಟರ್ ಆಳ

ಸಮುದ್ರದ ಮೀನು ಸಾಕೋಕೆ ಹೊರಟವರು ಲೈಟ್ ಬಗ್ಗೆ ಒಂದು ತಿಂಗಳು, ಮೀನಿನ ಬಗ್ಗೆ ಎರಡು ತಿಂಗಳು ಯೋಚಿಸ್ತಾರೆ. ತಳಕ್ಕೆ ಹಾಕೋ ಮರಳನ್ನು ಮಾತ್ರ ಅಂಗಡಿಯವರು ಕೊಟ್ಟಿದ್ದನ್ನೇ ತರ್ತಾರೆ. ಲೈಟ್ ನಾಳೆ ಬದಲಿಸಬಹುದು, ಪಂಪ್ ನಾಡಿದ್ದು ಬದಲಿಸಬಹುದು. ನೀರು, ಕಲ್ಲು, ಮೀನು ಎಲ್ಲ ಸೇರಿದ ಮೇಲೆ ತಳ ಬದಲಿಸೋದು ಅಂದ್ರೆ ಮನೆಯಲ್ಲಿ ಜನ ಇರುವಾಗಲೇ ಪಾಯ ತೆಗೆಸಿದ ಹಾಗೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಮರಳಿಗೆ.

ನರಗುಂದದ ಓದುಗರೊಬ್ಬರು ಕೇಳಿದ್ದಾರೆ: "ಬೆಣ್ಣೆಹಳ್ಳದ ಮರಳು ಚೊಲೊ ತೊಳದು ಹಾಕಿದ್ರ ನಡೀತೈತೇನ್ರೀ?" ಪ್ರಶ್ನೆ ಸಣ್ಣದಲ್ಲ. ರೋಣದಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡುವ ನನಗೂ, ನರಗುಂದದ ಅವರಿಗೂ ಸಮುದ್ರ ರಸ್ತೆಯಲ್ಲಿ ಇನ್ನೂರು ಕಿಲೋಮೀಟರ್ ಆಚೆ. ಪ್ಯಾಕೆಟ್ ಮರಳಿಗೆ ಕೊರಿಯರ್ ಚಾರ್ಜೇ ಎದೆ ಒಡೆಯುವಷ್ಟು. ಹಳ್ಳ ಊರ ಪಕ್ಕದಲ್ಲೇ ಇದೆ. ಆಸೆ ಆಗೋದು ಸಹಜ.

ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ ಮರಳನ್ನು ಒಂದು ಬಟ್ಟಲಿಗೆ ಹಾಕಿ, ಮೇಲೆ ವಿನೆಗರ್ ಬಿಡಿ. ಬುರುಬುರು ನೊರೆ ಬಂದ್ರೆ ಅದರಲ್ಲಿ ಸುಣ್ಣದಂಶ ಇದೆ. ಬರದಿದ್ರೆ ಅದು ಹೆಚ್ಚಾಗಿ ಸ್ಫಟಿಕದ ಮರಳು, ಅಂದ್ರೆ ಸಿಲಿಕಾ. ಹಳ್ಳದ ಮರಳಿನಲ್ಲಿ ಎರಡೂ ಕಾಣಬಹುದು, ಯಾಕಂದ್ರೆ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಇದ್ದೇ ಇರುತ್ತೆ. ಅದು ತೊಂದರೆಯಲ್ಲ. ತೊಂದರೆ ಇರೋದು ಅದರ ಜೊತೆ ಬರುವ ಎರೆಯಲ್ಲಿ ಮತ್ತು ಹತ್ತಿ, ಮೆಣಸಿನಕಾಯಿ ಹೊಲಗಳಿಂದ ಹರಿದು ಬಂದ ಗೊಬ್ಬರ, ಔಷಧಿಯಲ್ಲಿ. ಫಾಸ್ಫೇಟ್ ಸುಣ್ಣದ ಹರಳಿಗೆ ಅಂಟಿಕೊಂಡು ಕೂರುತ್ತೆ, ನಾಲ್ಕು ಸಲ ತೊಳೆದರೂ ಹೋಗಲ್ಲ. ಟ್ಯಾಂಕಿನೊಳಗೆ ನಿಧಾನಕ್ಕೆ ಬಿಟ್ಟುಕೊಳ್ಳುತ್ತಾ ಪಾಚಿ ಬೆಳೆಸುತ್ತೆ. ಹಾಗಾಗಿ ಹಳ್ಳದ ಮರಳು ಬೇಡ್ರೀ.

ಗಜೇಂದ್ರಗಡದ ಬೆಟ್ಟದ ಮರಳುಗಲ್ಲು ಕುಟ್ಟಿ ಹಾಕಿದ್ರೆ? ಅದೂ ಸಿಲಿಕಾ. ಇಲ್ಲೊಂದು ತಪ್ಪು ಕಲ್ಪನೆ ಇದೆ: ಸಿಲಿಕಾ ಮರಳು ಹಾಕಿದ್ರೆ ಕಂದು ಪಾಚಿ ಗ್ಯಾರಂಟಿ ಅಂತ. ಸ್ಫಟಿಕ ಸಮುದ್ರದ ನೀರಿನಲ್ಲಿ ಕರಗೋದು ಇಲ್ಲ ಅನ್ನುವಷ್ಟು ಕಡಿಮೆ. ಕಂದು ಪಾಚಿಗೆ ಬೇಕಾದ ಸಿಲಿಕೇಟ್ ಬರೋದು ಹೆಚ್ಚಾಗಿ ನಮ್ಮ ಬೋರ್‌ವೆಲ್ ನೀರಿನಿಂದ. ಸವಳು ನೀರು ಕುಡಿದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ತಂದರೂ ಒಮ್ಮೆ ಟಿಡಿಎಸ್ ಮೀಟರ್ ಇಟ್ಟು ನೋಡಿ. ಕುಡಿಯೋಕೆ ಚೆನ್ನಾಗಿರುವ ನೀರು ರೀಫ್ ಟ್ಯಾಂಕಿಗೆ ಚೆನ್ನಾಗಿರಬೇಕು ಅಂತೇನಿಲ್ಲ. ಆರ್‌ಓ ಆದ ಮೇಲೆ ಡಿಐ ರೆಸಿನ್ ದಾಟಿ, ಮೀಟರ್ ಸೊನ್ನೆ ತೋರಿಸುವ ನೀರಿಗೇ ಉಪ್ಪು ಬೆರೆಸಬೇಕು. ಮರಳಿನ ಮೇಲೆ ಹೊರಿಸುವ ಅರ್ಧ ಆರೋಪ ನೀರಿನದು.

ಅಂಗಡಿಗಳಲ್ಲಿ ಎಲ್ಲರೂ ಶಿಫಾರಸು ಮಾಡೋದು ಅರಾಗನೈಟ್. ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ ಅದು. ಹವಳಗಳು ತಮ್ಮ ಗೂಡು ಕಟ್ಟಿಕೊಳ್ಳೋದೂ ಇದರಿಂದಲೇ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನುಗಳ ಕೊಡುಗೆ. ಹವಳದ ಕಲ್ಲು ಕಚ್ಚಿ, ಪಾಚಿ ಜೀರ್ಣಿಸಿಕೊಂಡು, ಉಳಿದದ್ದನ್ನು ಹಿಂದಿನಿಂದ ಬಿಡ್ತವೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತೆ. ಹನಿಮೂನ್ ಫೋಟೋದಲ್ಲಿ ಕಾಲಡಿ ಇರೋದು ಏನು ಅಂತ ಗೊತ್ತಾಯ್ತಲ್ಲ!

ಅರಾಗನೈಟ್ ಹಾಕಿದ್ರೆ ಪಿಎಚ್ ತಾನೇ ಸರಿ ಇರುತ್ತೆ ಅನ್ನೋ ಮಾತು ಮಾತ್ರ ಪೂರ್ತಿ ನಂಬಬೇಡಿ. ರೀಫ್ ಟ್ಯಾಂಕಿನ ಪಿಎಚ್ ಸುಮಾರು 8.1ರಿಂದ 8.3 ಇರಬೇಕು. ಅರಾಗನೈಟ್ ಹೇಳಿಕೊಳ್ಳುವಷ್ಟು ಕರಗೋದು ಪಿಎಚ್ ಸುಮಾರು 7.7ಕ್ಕಿಂತ ಕೆಳಗಿಳಿದಾಗ. ಅಷ್ಟು ಇಳಿಯುವ ಹೊತ್ತಿಗೆ ಹವಳದ ಪಾಡು ಮುಗಿದಿರುತ್ತೆ. ಕ್ಷಾರತೆ, ಕ್ಯಾಲ್ಸಿಯಂ ವಾರಕ್ಕೊಮ್ಮೆ ಅಳೆದು ನಾವೇ ಹಾಕಬೇಕು. ಅರಾಗನೈಟಿನ ಲಾಭ ಬೇರೆ: ಅದು ಬೇಡದ್ದನ್ನು ನೀರಿಗೆ ಬಿಡಲ್ಲ, ಕಣ ನುಣುಪಾಗಿರುತ್ತೆ, ಬಿಳಿ ಬಣ್ಣ ಬೆಳಕನ್ನು ಮೇಲಕ್ಕೆ ಹಾಯಿಸುತ್ತೆ.

ಬಾಗಲಕೋಟೆ, ಲೋಕಾಪುರದ ಸುಣ್ಣದ ಕಲ್ಲಿನ ಪುಡಿಯನ್ನೂ ಒಬ್ಬರು ಕೇಳಿದ್ರು. ನೂರು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿದ್ದ ಸಮುದ್ರದ ತಳ ಅದು, ಹಾಗಾಗಿ ಐಡಿಯಾ ನನಗೆ ಬಹಳ ಹಿಡಿಸಿತು. ಆದ್ರೆ ಕ್ರಶರ್‌ನಿಂದ ಬಂದ ಪುಡಿಯ ಅಂಚು ಬ್ಲೇಡಿನಂತೆ. ಗೋಬಿ ಮೀನು ಮರಳನ್ನು ಬಾಯ್ತುಂಬ ತೆಗೆದುಕೊಂಡು ಕಿವಿರಿನಿಂದ ಸೋಸಿ ಬಿಡುತ್ತೆ. ಅದಕ್ಕೆ ಗಾಯ ಖಂಡಿತ.

ಇನ್ನು ನಾನು ಯಾವ ಬೆಲೆಗೂ ಬೇಡ ಅನ್ನೋದು ಒಂದಿದೆ: ಲೇಬಲ್ ಇಲ್ಲದ ಚೀಲದಲ್ಲಿ ಬರುವ "ಹವಳದ ಚೂರು". ದೊಡ್ಡ ಊರಿನ ಅಕ್ವೇರಿಯಂ ಅಂಗಡಿಗಳಲ್ಲಿ ಕಡಿಮೆ ರೇಟಿಗೆ ಸಿಗುತ್ತೆ. ಕೈಯಲ್ಲಿ ಹಿಡಿದು ನೋಡಿ, ಕೊಂಬೆ ಆಕಾರದ ತುಂಡು, ಮೇಲೆ ಸಣ್ಣ ನಕ್ಷತ್ರದಂಥ ಗುಳಿ. ಅದು ಎಲ್ಲಿಂದ ಬಂತು ಅಂದ್ರೆ ಅಂಗಡಿಯವರು ನಕ್ಕು ಸುಮ್ಮನಾಗ್ತಾರೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ, ಹುಲಿಯ ಸಾಲಿಗೆ. ಸತ್ತ ಹವಳಕ್ಕೂ ರಕ್ಷಣೆ ಇದೆ, ಹುಲಿ ಸತ್ತರೂ ಚರ್ಮ ಮಾರುವಂತಿಲ್ಲವಲ್ಲ, ಹಾಗೆ. ಸಮುದ್ರದಿಂದ ಕಿತ್ತು ತಂದ "ಲೈವ್ ರಾಕ್" ಕೂಡ ಇದೇ ಲೆಕ್ಕ. ನಮ್ಮದೇ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದನ್ನು ನೋಡಬೇಕಂದ್ರೆ ಮುರ್ಡೇಶ್ವರಕ್ಕೆ ಹೋಗಿ ಡೈವ್ ಮಾಡಿ. ನಮ್ಮ ಹಾಲ್‌ನಲ್ಲಿ ಒಂದು ದಿಬ್ಬ ಕಟ್ಟೋಕೆ ಅಲ್ಲಿನ ದಿಬ್ಬ ಒಡೆಸೋದರಲ್ಲಿ ಏನು ಹವ್ಯಾಸ? ಸಮುದ್ರತೀರದ ಮರಳನ್ನು ಡಿಕ್ಕಿಗೆ ತುಂಬಿಕೊಂಡು ಬರೋದೂ ಬೇಡ. ಕಾನೂನು ಒಪ್ಪಲ್ಲ, ಮೇಲಾಗಿ ಕಾರವಾರ, ಗೋಕರ್ಣದ ಮರಳು ಬಹುಪಾಲು ಸ್ಫಟಿಕವೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ವಿದೇಶಿ ಯೂಟ್ಯೂಬರ್‌ಗಳು ಮರಳು ಸ್ವಚ್ಛ ಮಾಡೋಕೆ ಸಮುದ್ರ ಸೌತೆ ಸಾಕಿ ಅಂತಾರೆ. ನಮ್ಮ ದೇಶದಲ್ಲಿ ಅದೂ ಇದೇ ಕಾಯ್ದೆಯ ರಕ್ಷಣೆಯಲ್ಲಿದೆ. ಬಸವನಹುಳು ಸಾಕು.

ಹಾಗಾದ್ರೆ ಕೊಳ್ಳೋದು ಯಾವುದು? ಕಂಪನಿಯ ಹೆಸರು, ಮೂಲ ಬರೆದಿರುವ ಒಣ ಅರಾಗನೈಟ್ ಚೀಲ. ಬಹಾಮಾಸ್ ಕಡೆಯ ಮರಳಿನ ಕಣ ನೀರಿನಲ್ಲೇ ರಾಸಾಯನಿಕವಾಗಿ ಉಂಡೆಗಟ್ಟಿದ್ದು, ಯಾವ ಹವಳವನ್ನೂ ಒಡೆದದ್ದಲ್ಲ. ಒದ್ದೆಯಾಗಿ ಬರುವ "ಲೈವ್ ಸ್ಯಾಂಡ್"ಗೆ ದುಪ್ಪಟ್ಟು ಕೊಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿ ಗೋದಾಮಿನಲ್ಲಿ ನಾಲ್ಕು ದಿನ ಬೆಂದ ಬ್ಯಾಕ್ಟೀರಿಯಾ ಎಷ್ಟು ಲೈವ್ ಇರುತ್ತೆ ನೀವೇ ಯೋಚಿಸಿ. ಬಜೆಟ್ ಒಪ್ಪದಿದ್ರೆ ಫಿಲ್ಟರ್‌ಗೆ ಬಳಸುವ ಶುದ್ಧ ಸಿಲಿಕಾ ಮರಳು, ನುಣುಪು ಕಣದ್ದು, ನನ್ನ ಪ್ರಕಾರ ಎರಡನೇ ಒಳ್ಳೆಯ ಆಯ್ಕೆ.

ಕಣದ ಗಾತ್ರಕ್ಕೆ ಅವ್ವನ ಡಬ್ಬಿಗಳನ್ನು ನೋಡಿ. ಚಿರೋಟಿ ರವೆಯಷ್ಟು ಸಣ್ಣದಾದ್ರೆ ವೇವ್‌ಮೇಕರ್ ಗಾಳಿಗೆ ಧೂಳೆದ್ದಂತೆ ಎದ್ದು ಹವಳದ ಮೇಲೆ ಕೂರುತ್ತೆ. ಜೋಳದ ಕಾಳಿನಷ್ಟಾದ್ರೆ ತಿಂದುಳಿದದ್ದೆಲ್ಲ ಸಂದಿಗಿಳಿದು ಕೊಳೆತು ನೈಟ್ರೇಟ್ ಏರುತ್ತೆ. ನವಣೆಯಷ್ಟು, ಅಂದ್ರೆ 1ರಿಂದ 2 ಮಿಲಿಮೀಟರ್, ನಮಗೆ ಸರಿ.

ಆಳದ ವಿಷಯಕ್ಕೆ ದೊಡ್ಡ ಜಗಳವೇ ಇದೆ. 10 ಸೆಂಟಿಮೀಟರಿಗಿಂತ ಆಳದ ಹಾಸಿನ ಕೆಳಪದರದಲ್ಲಿ ಆಮ್ಲಜನಕ ಇರಲ್ಲ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಬಿಡ್ತವೆ. ವಿಜ್ಞಾನ ಸರಿಯಾಗೇ ಇದೆ. ಆದ್ರೆ ನಮ್ಮ ಊರಲ್ಲಿ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಪಂಪ್ ನಿಂತ ಕ್ಷಣದಿಂದ ಮರಳಿನೊಳಗಿನ ಕೋಟ್ಯಂತರ ಜೀವಿಗಳು ಮೀನಿನ ಜೊತೆ ಅದೇ ಆಮ್ಲಜನಕಕ್ಕೆ ಪಾಲು ಕೇಳ್ತವೆ. ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಹಾಸು ದಪ್ಪ ಆದಷ್ಟೂ ಪಾಲುದಾರರು ಜಾಸ್ತಿ. ಕಲಕಿದ್ರೆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ ಬೇರೆ. ಹಾಗಾಗಿ ನನ್ನ ಲೆಕ್ಕ 4 ಸೆಂಟಿಮೀಟರ್, ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದು. ಗೋಬಿಯಂಥ ಮರಳು ಬೇಕಾದ ಮೀನು ಸಾಕದವರು, ಕೇವಲ ಕ್ಲೌನ್ ಜೋಡಿ ಇಡುವವರು, ಬರೀ ಗಾಜಿನ ತಳ ಬಿಟ್ಟರೂ ನಡೆಯುತ್ತೆ. ನೋಡೋಕೆ ಆಪರೇಷನ್ ಥಿಯೇಟರ್ ಇದ್ದಂಗಿರುತ್ತೆ, ಅಷ್ಟೇ.

90ಕ್ಕೆ 45 ಸೆಂಟಿಮೀಟರ್ ತಳದ ಟ್ಯಾಂಕಿಗೆ 4 ಸೆಂಟಿಮೀಟರ್ ಅಂದ್ರೆ 16 ಲೀಟರ್ ಮರಳು, ಸುಮಾರು 24 ಕಿಲೋ. ಕಲ್ಲನ್ನು ಮೊದಲು ನೇರ ಗಾಜಿನ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹರಡಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ರಾತ್ರೋರಾತ್ರಿ ಕೆಳಗೆ ಸುರಂಗ ತೋಡಿ ತನ್ನ ಮೇಲೆ ತಾನೇ ಕೆಡವಿಕೊಳ್ಳುತ್ತೆ. ಮೊದಲ ಎರಡು ದಿನ ನೀರು ಹಾಲಿನಂತಿರುತ್ತೆ, ತಾನೇ ತಿಳಿಯಾಗುತ್ತೆ. ಮೂರ್ನಾಲ್ಕು ವಾರಕ್ಕೆ ಬಿಳಿ ಮರಳಿನ ಮೇಲೆ ಕಂದು ಪದರ ಬರುತ್ತೆ, ಮನೆಗೆ ಬಂದ ಕಾಕಾ "ತುಕ್ಕು ಹಿಡಿದೈತಲ್ಲೋ" ಅಂತಾರೆ. ಏನೂ ಹಾಕಬೇಡಿ. ಬಸವನಹುಳುಗಳಿಗೆ ಒಂದು ತಿಂಗಳ ಊಟ ಅದು.