ಹಳೆಯ ಇನ್ನೋವಾ: ವರ್ತಕನಿಗೆ ಆಸ್ತಿಯೇ, ಹೊರೆಯೇ?

ವಾಹನವೊಂದರ ಯೋಗ್ಯತೆಯನ್ನು ಕುಟುಂಬದ ಯಜಮಾನ ಅಳೆಯುವ ಬಗೆ ಒಂದು, ವ್ಯಾಪಾರದ ಮಾಲೀಕ ಅಳೆಯುವ ಬಗೆ ಇನ್ನೊಂದು. ಆದರೆ ನಮ್ಮ ಸದಸ್ಯ ಬಾಂಧವರಲ್ಲಿ ಬಹುಪಾಲು ಮಂದಿ ಈ ಎರಡೂ ಪಾತ್ರಗಳನ್ನು ಒಂದೇ ವಾಹನದಲ್ಲಿ ನಿರ್ವಹಿಸುವವರು. ಸೋಮವಾರ ಹೊರ ಊರಿನ ಖರೀದಿದಾರರನ್ನು ರೈಲು ನಿಲ್ದಾಣದಿಂದ ಕಾರ್ಖಾನೆಗೆ ಕರೆತರುವ ಗಾಡಿಯೇ ಭಾನುವಾರ ಮನೆಮಂದಿಯನ್ನೆಲ್ಲ ಧರ್ಮಸ್ಥಳಕ್ಕೋ ಮದುವೆಗೋ ಒಯ್ಯಬೇಕು. ಈ ಕಾರಣದಿಂದಲೇ ಏಳೆಂಟು ಜನ ಕೂರುವ ಹಳೆಯ ಕುಟುಂಬ ವಾಹನ, ಅದರಲ್ಲೂ 2005ರಿಂದ 2016ರವರೆಗೆ ತಯಾರಾದ ಮೊದಲ ತಲೆಮಾರಿನ ಟೊಯೋಟಾ ಇನ್ನೋವಾ, ಇಂದಿಗೂ ಸಣ್ಣ ಉದ್ದಿಮೆದಾರರ ಗಮನ ಸೆಳೆಯುತ್ತದೆ. ಅದನ್ನು ಕೊಳ್ಳುವುದು ಜಾಣತನವೇ ಎಂಬುದನ್ನು ಅಭಿಮಾನದಿಂದಲ್ಲದೆ ಲೆಕ್ಕದಿಂದ ನಿರ್ಧರಿಸುವುದು ಒಳಿತು.

ಬಿಡದಿಯಿಂದ ಬಂದ ವಾಹನ

ಕರ್ನಾಟಕಕ್ಕೂ ಈ ವಾಹನಕ್ಕೂ ನೇರ ನಂಟಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದಿತು. ಅದು ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ, 2005ರಲ್ಲಿ ಇನ್ನೋವಾವನ್ನು ತಂದಿತು. 2016ರಲ್ಲಿ ಇನ್ನೋವಾ ಕ್ರಿಸ್ಟಾ ಆ ಸ್ಥಾನವನ್ನು ಪಡೆಯುವವರೆಗೆ ಹನ್ನೊಂದು ವರ್ಷ ಮೊದಲ ತಲೆಮಾರಿನ ಗಾಡಿ ಮೂಲ ರಚನೆಯಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ಮುಂದುವರಿಯಿತು. ಇದರ ಲಾಭ ಹಳೆಯ ವಾಹನ ಕೊಳ್ಳುವವನಿಗೆ ದೊರೆಯುತ್ತದೆ. ಒಂದೇ ಬಗೆಯ ಎಂಜಿನ್, ಒಂದೇ ಬಗೆಯ ಗೇರುಪೆಟ್ಟಿಗೆ ಇಷ್ಟು ವರ್ಷ ನಡೆದುದರಿಂದ ಬಿಡಿಭಾಗಗಳು ಜಿಲ್ಲಾ ಕೇಂದ್ರಗಳಲ್ಲಷ್ಟೇ ಅಲ್ಲ, ತಾಲ್ಲೂಕು ಪೇಟೆಗಳಲ್ಲಿಯೂ ಸಿಗುತ್ತವೆ. ಅದರ ಒಳಹೊರಗನ್ನು ಬಲ್ಲ ಮೆಕ್ಯಾನಿಕ್‌ಗಳಿಗೂ ಕೊರತೆಯಿಲ್ಲ.

ಸೌಖ್ಯ

2,750 ಮಿ.ಮೀ. ಗಾಲಿ ಅಂತರವುಳ್ಳ ಈ ವಾಹನದ ನಡುಸಾಲು ಅದರ ಅತ್ಯುತ್ತಮ ಸ್ಥಳ. ಏಳು ಆಸನದ ಮಾದರಿಗಳಲ್ಲಿರುವ ಬಿಡಿ ಕುರ್ಚಿಗಳು ಹುಬ್ಬಳ್ಳಿಯಿಂದ ಬೆಂಗಳೂರಿನವರೆಗಿನ ನಾಲ್ಕುನೂರು ಕಿ.ಮೀ. ಪ್ರಯಾಣದ ಬಳಿಕವೂ ಬೆನ್ನಿಗೆ ದಣಿವು ತರುವುದಿಲ್ಲ. ಮೇಲ್ಛಾವಣಿಯ ತಂಪುಗಾಳಿಯ ಕಿಂಡಿಗಳು ಹಿಂದಿನವರನ್ನೂ ಮರೆಯುವುದಿಲ್ಲ. ವಯಸ್ಸಾದ ತಂದೆತಾಯಂದಿರಿಗೆ ಹತ್ತಿ ಇಳಿಯಲು ಆಸನದ ಎತ್ತರ ಅನುಕೂಲಕರವಾಗಿದೆ.

ಆದರೆ ಮೂರನೆಯ ಸಾಲಿನ ವಿಚಾರದಲ್ಲಿ ಮೋಸಹೋಗಬಾರದು. ಅಲ್ಲಿ ದೊಡ್ಡವರು ಕುಳಿತರೆ ಸಾಮಾನಿಗೆ ಉಳಿಯುವ ಜಾಗ ಎರಡು ಮೂರು ಚೀಲಗಳಿಗೆ ಮಾತ್ರ. ಏಳು ಜನರೂ ಅವರ ಸಾಮಾನುಗಳೂ ಒಟ್ಟಿಗೆ ಸಾಗಬೇಕಾದಲ್ಲಿ ಮೇಲ್ಛಾವಣಿಯ ಮೇಲೆ ಕಟ್ಟುವುದು ಅನಿವಾರ್ಯ. ಆ ಆಸನಗಳನ್ನು ಪಕ್ಕಕ್ಕೆ ಮಡಚಿದರೆ ಮಾದರಿ ಸರಕು, ಸಣ್ಣ ಯಂತ್ರಭಾಗಗಳನ್ನು ಒಯ್ಯಲು ಸ್ಥಳವಾಗುತ್ತದೆ. ಹಾಗೆಂದು ಖಾಸಗಿ ನೋಂದಣಿಯ ಕಾರನ್ನು ದಿನನಿತ್ಯದ ಸರಕು ಸಾಗಣೆಗೆ ಬಳಸುವುದು ಕಾನೂನಿಗೂ ವಿಮೆಗೂ ಒಗ್ಗದ ಕ್ರಮ.

ಕಾರ್ಯಕ್ಷಮತೆ

2,494 ಸಿ.ಸಿ. ಡೀಸೆಲ್ ಎಂಜಿನ್ ನೀಡುವುದು ಸುಮಾರು 102 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ತಿರುಗುಬಲ. 1,600 ಕಿಲೋಗಳಿಗೂ ಮಿಗಿಲಾದ ದೇಹಭಾರಕ್ಕೆ ಇದು ಯಥೇಚ್ಛವೇನಲ್ಲ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವ ಮುನ್ನ ಚಾಲಕ ದೂರ ನೋಡಿ ಗೇರು ಇಳಿಸಬೇಕಾಗುತ್ತದೆ. 2016ರ ಕ್ರಿಸ್ಟಾದ 2.4 ಲೀಟರ್ ಎಂಜಿನ್ 150 ಅಶ್ವಶಕ್ತಿಯದು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಈ ತಿರುಗುಬಲ ಕಡಿಮೆ ವೇಗದಲ್ಲಿಯೇ ದೊರೆಯುವುದರಿಂದಲೂ ಹಿಂದಿನ ಗಾಲಿಗಳು ವಾಹನವನ್ನು ನೂಕುವುದರಿಂದಲೂ, ಪೂರ್ತಿ ಜನ ತುಂಬಿದ ಗಾಡಿ ಶಿರಾಡಿ ಘಾಟಿಯನ್ನು ಏದುಸಿರಿಲ್ಲದೆ ಏರುತ್ತದೆ. ಲಾರಿಯಂತೆ ಪ್ರತ್ಯೇಕ ಉಕ್ಕಿನ ಚಾಸಿಯ ಮೇಲೆ ದೇಹವನ್ನು ಕೂರಿಸಿರುವುದರಿಂದ ಕೆಟ್ಟ ರಸ್ತೆಯ ಪೆಟ್ಟನ್ನು ತಾಳುವ ಶಕ್ತಿ ಹೆಚ್ಚು. ಇಂಧನ ಬಳಕೆ ಮಾತ್ರ ಹಗುರವಲ್ಲ: ರಸ್ತೆ, ಹೊರೆ ಮತ್ತು ಚಾಲನೆಗೆ ತಕ್ಕಂತೆ ಲೀಟರಿಗೆ 10ರಿಂದ 13 ಕಿ.ಮೀ. ನಿರೀಕ್ಷಿಸಬಹುದು.

ಸುರಕ್ಷತೆಯಲ್ಲಿ ಈ ವಾಹನ ತನ್ನ ಕಾಲದ್ದೇ. ಕೆಳಶ್ರೇಣಿಯ ಹಳೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಇರಲಿಲ್ಲ. ಇಡೀ ಕುಟುಂಬವನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಇವೆರಡೂ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಕೈಬಿಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಉದಾಹರಣೆಗಾಗಿ, ಒಬ್ಬ ಸದಸ್ಯರು 25 ಲಕ್ಷ ರೂಪಾಯಿಯ ಹೊಸ ವಾಹನವನ್ನು 20 ಲಕ್ಷ ಸಾಲ ಪಡೆದು ಕೊಳ್ಳುವರೆನ್ನೋಣ. ಶೇ. 9ರ ಬಡ್ಡಿಯಲ್ಲಿ, ಐದು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 41,500 ರೂ.; ಬಡ್ಡಿಯೊಂದೇ 4.9 ಲಕ್ಷ. ವ್ಯವಹಾರಕ್ಕೆಂದೇ ಬಳಸುವ ಕಾರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 15ರ ಸವಕಳಿ ದೊರೆಯುವುದು ನಿಜ. ಐದು ವರ್ಷದ ಬಳಿಕ ಪುಸ್ತಕದಲ್ಲಿ ಉಳಿಯುವ ಮೌಲ್ಯ ಸುಮಾರು 11 ಲಕ್ಷ. ಆದರೆ ಸವಕಳಿಯಿಂದ ಉಳಿಯುವುದು ತೆರಿಗೆಯ ಒಂದು ಪಾಲು ಮಾತ್ರ, ಹೂಡಿದ ಹಣವಲ್ಲ. ಹದಿಮೂರು ಜನರವರೆಗಿನ ಪ್ರಯಾಣಿಕ ವಾಹನಗಳ ಮೇಲೆ ತೆತ್ತ ಜಿ.ಎಸ್.ಟಿ.ಗೆ ನಮ್ಮಂತಹ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆಯೂ ಸಿಗುವುದಿಲ್ಲ.

ಇದೇ ಸದಸ್ಯರು 6 ಲಕ್ಷಕ್ಕೆ ಸುಸ್ಥಿತಿಯ ಹಳೆಯ ವಾಹನವನ್ನು ಕೊಂಡು, ಮೊದಲ ವರ್ಷವೇ ದುರಸ್ತಿಗೆ 1 ಲಕ್ಷ ತೆಗೆದಿಟ್ಟರೂ 18 ಲಕ್ಷ ಉಳಿಯುತ್ತದೆ. ಅದು ಒಂದು ಯಂತ್ರದ ಬೆಲೆಯಾಗಬಹುದು, ಹಬ್ಬದ ಮುಂಚಿನ ದಾಸ್ತಾನಾಗಬಹುದು, ಗಿರಾಕಿಗಳು ಹಣ ತಡಮಾಡಿದಾಗ ಕೂಲಿ ಬಟವಾಡೆಗೆ ಆಸರೆಯಾಗಬಹುದು. ದುಡಿಮೆಯ ಬಂಡವಾಳದ ಕೊರತೆಯಿಂದ ಮುಚ್ಚಿದ ಘಟಕಗಳನ್ನು ನಾವು ಕಂಡಿದ್ದೇವೆ. ಮಾಲೀಕನ ಕಾರು ಹಳೆಯದೆಂಬ ಕಾರಣಕ್ಕೆ ಮುಚ್ಚಿದ ಘಟಕವನ್ನು ಕಂಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಲೆಕ್ಕಪತ್ರಕ್ಕೂ ಸಲ್ಲುತ್ತದೆ.

ಹಾಗಿದ್ದರೂ ಪ್ರತಿವಾದಕ್ಕೆ ಬೆಲೆಯಿದೆ. ತಿಂಗಳಿಗೆ ಮೂರು ಸಾವಿರ ಕಿ.ಮೀ.ಗೂ ಹೆಚ್ಚು ಓಡಾಡುವವರಿಗೆ ಇಂಧನದ ಖರ್ಚೂ ಗಾಡಿ ನಿಂತು ಕೆಲಸ ಕೆಡುವ ಅಪಾಯವೂ ಹಳೆಯ ವಾಹನದ ಉಳಿತಾಯವನ್ನು ನುಂಗಬಲ್ಲವು. ಹಳೆಯ ಕಾರಿನ ಸಾಲಕ್ಕೆ ಬಡ್ಡಿಯೂ ಸಾಮಾನ್ಯವಾಗಿ ಹೆಚ್ಚು. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಪರಿಹಾರ ಸೆಸ್ ರದ್ದಾಗಿ, ಶೇ. 40ರ ಜಿ.ಎಸ್.ಟಿ. ಮಾತ್ರ ಉಳಿದುದರಿಂದ ಹೊಸ ವಾಹನಗಳ ಬೆಲೆ ತಗ್ಗಿತು. ಹೊಸದು ಅಗ್ಗವಾದಾಗ ಹಳೆಯದೂ ಅಗ್ಗವಾಗಲೇಬೇಕು. ಆದರೂ ಹೆಸರಿನ ಬಲದಿಂದ ಹಳೆಯ ದರವನ್ನೇ ಹೇಳುವ ಮಾರಾಟಗಾರರಿದ್ದಾರೆ. ವಾಹನಕ್ಕೆ ಹಣ ಕೊಡಿ, ಹೆಸರಿಗೆ ಕೊಡಬೇಡಿ.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಬಳಿಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಐದು ವರ್ಷಕ್ಕೊಮ್ಮೆ ನವೀಕರಣ. ಈ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂ.ಗೆ ಏರಿಸಲಾಯಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ. ನಿಗದಿಯಾಯಿತು. ಹಸಿರು ತೆರಿಗೆ ಬೇರೆ. 2005ರಲ್ಲಿ ನೋಂದಣಿಯಾದ ಮೊದಲ ಇನ್ನೋವಾಗಳು 2025ರಲ್ಲಿಯೇ ಇಪ್ಪತ್ತು ವರ್ಷ ಮುಟ್ಟಿದವು. ಆದ್ದರಿಂದ 2012ಕ್ಕಿಂತ ಹಿಂದಿನದನ್ನು ಕೊಳ್ಳದಿರುವುದು ಕ್ಷೇಮ.

ದೆಹಲಿ ಕಡೆಯಿಂದ ಅಗ್ಗಕ್ಕೆ ಬರುವ ಡೀಸೆಲ್ ವಾಹನಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವನ್ನು ಇಲ್ಲಿ ನೋಂದಾಯಿಸಲು ನಿರಾಕ್ಷೇಪಣಾ ಪತ್ರವೂ ಕರ್ನಾಟಕದ ಆಜೀವ ತೆರಿಗೆಯೂ ಬೇಕು. ಇವನ್ನು ಕೂಡಿಸಿದರೆ ಅಗ್ಗವೆಂಬುದು ಹಲವು ಬಾರಿ ಕರಗಿಹೋಗುತ್ತದೆ. ಹಳದಿ ಫಲಕದಿಂದ ಬಿಳಿ ಫಲಕಕ್ಕೆ ಬದಲಾದ ಗಾಡಿಯೇ ಎಂಬುದನ್ನು ನೋಂದಣಿಯ ಇತಿಹಾಸದಿಂದ ತಿಳಿಯಬೇಕು. ಬ್ಯಾಂಕಿನ ಸಾಲ ತೀರಿದ ಪತ್ರ, ಬಾಕಿ ದಂಡ, ವಿಮೆಯ ಕ್ಲೇಮುಗಳನ್ನು ಪರಿಶೀಲಿಸಿ, ಖರೀದಿಯಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.

ಜಿ.ಎಸ್.ಟಿ. ನೋಂದಣಿಯುಳ್ಳವರು ವ್ಯವಹಾರದ ಹೆಸರಿನ ಹಳೆಯ ಕಾರನ್ನು ಮಾರುವಾಗ, ಸವಕಳಿ ಪಡೆದಿದ್ದಲ್ಲಿ, ಮಾರಾಟ ಬೆಲೆಯಿಂದ ಪುಸ್ತಕ ಮೌಲ್ಯವನ್ನು ಕಳೆದ ಮೊತ್ತದ ಮೇಲೆ ಶೇ. 18ರ ತೆರಿಗೆಯಿದೆ ಎಂಬುದನ್ನೂ ಮರೆಯಬಾರದು. ಮೇಲಿನ 6 ಲಕ್ಷದ ಕಾರನ್ನು ಐದು ವರ್ಷದ ನಂತರ 4.5 ಲಕ್ಷಕ್ಕೆ ಮಾರಿದರೆ ಈ ತೆರಿಗೆ ಸುಮಾರು 33 ಸಾವಿರವಾಗುತ್ತದೆ. ಆ ಮೊತ್ತ ಶೂನ್ಯಕ್ಕಿಂತ ಕೆಳಗಿದ್ದರೆ ತೆರಿಗೆಯಿಲ್ಲ.

ಪರೀಕ್ಷೆ

ಓಡಿದ ಕಿ.ಮೀ. ಸಂಖ್ಯೆಯನ್ನು ಮೀಟರಿನಿಂದ ನಂಬಬೇಡಿ, ಸರ್ವಿಸ್ ದಾಖಲೆಯಿಂದ ನಂಬಿ. ಟೈಮಿಂಗ್ ಬೆಲ್ಟ್ ಬದಲಾದ ರಸೀದಿಯನ್ನು ಕೇಳಿ. ಅದು ಓಟದ ನಡುವೆ ಹರಿದರೆ ಎಂಜಿನ್ನೇ ಹಾಳಾಗಬಲ್ಲದು. ಬೆಳಗಿನ ತಣ್ಣನೆಯ ಎಂಜಿನ್ನನ್ನು ನಿಮ್ಮೆದುರೇ ಚಾಲೂ ಮಾಡಿಸಿ, ಹೊಗೆಯ ಬಣ್ಣವನ್ನು ಗಮನಿಸಿ. ಇಂಜೆಕ್ಟರ್, ಟರ್ಬೊ, ಕ್ಲಚ್ಚುಗಳ ದುರಸ್ತಿ ದುಬಾರಿ. ಸಂಶಯವಿದ್ದರೆ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಎತ್ತಿಸಿ, ಚಾಸಿಯ ತುಕ್ಕನ್ನು ನೋಡಿ. ಪೆಟ್ರೋಲ್ ಮಾದರಿಯನ್ನು ಬಯಸುವವರು, ಅದು ಶೇ. 20 ಎಥನಾಲ್ ಬೆರೆತ ಇಂಧನಕ್ಕೆಂದು ರೂಪಿಸಿದ ವಾಹನವಲ್ಲವೆಂಬುದನ್ನು ನೆನಪಿನಲ್ಲಿಟ್ಟು ಇಂಧನದ ರಬ್ಬರ್ ಕೊಳವೆಗಳನ್ನು ಪರಿಶೀಲಿಸಬೇಕು.

ಒಟ್ಟಿನಲ್ಲಿ, ತಿಂಗಳಿಗೆ ಸಾವಿರ ಸಾವಿರದೈನೂರು ಕಿ.ಮೀ. ಓಡಾಟ, ದೊಡ್ಡ ಕುಟುಂಬ, ಬಂಡವಾಳಕ್ಕೆ ಬೇರೆಡೆ ಹಸಿವು ಇರುವ ಉದ್ದಿಮೆದಾರನಿಗೆ 2012ರ ನಂತರದ, ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಇರುವ, ದಾಖಲೆ ಸರಿಯಾಗಿರುವ ಡೀಸೆಲ್ ಇನ್ನೋವಾ ಯೋಗ್ಯ ಖರೀದಿ. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಮುಂದಿನ ಗಾಡಿಯನ್ನು ನೋಡುವುದು ಒಳ್ಳೆಯದು. ಯಂತ್ರ ಕೊಳ್ಳುವಾಗ ಮೂರು ಕೊಟೇಶನ್ ತರಿಸುವ ನಾವು, ಕಾರು ಕೊಳ್ಳುವಾಗ ಮಾತ್ರ ಮನಸ್ಸಿನ ಮಾತಿಗೆ ಸಹಿ ಹಾಕುವುದು ತರವಲ್ಲ.