ಯೀಸ್ಟಿನ ಇನ್ಸುಲಿನ್ ಬೇಡವೆನ್ನುವವರಿಗೆ ಪ್ರತ್ಯುತ್ತರ

ಬೀಚನಹಳ್ಳಿಯ ಆಸುಪಾಸಿನಲ್ಲಾಗಲಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಲ್ಲಾಗಲಿ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟರೆ ಸಾಕು, ಬೇಡವೆನ್ನಲು ಹತ್ತು ಜನ ಸೇರುತ್ತಾರೆ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಪಿಕಿಯಾ ಎಂಬ ಯೀಸ್ಟಿನಲ್ಲಿ ಮಾನವ ಇನ್ಸುಲಿನ್ ತಯಾರಿಸಿ 'ಇನ್ಸುಜೆನ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇವತ್ತಿಗೂ ವಿರೋಧದ ಗುರಿ ಇಂಥ ಇನ್ಸುಲಿನ್ನೇ. ಅವರ ವಾದಗಳನ್ನು ಅವರ ಮಾತಿನಲ್ಲೇ ಮುಂದಿಡುತ್ತೇನೆ. ತೀರ್ಪು ಓದುಗರಿಗೆ ಬಿಟ್ಟದ್ದು.

ಮೊದಲ ವಾದ: ಯೀಸ್ಟಿನಲ್ಲಿ ಹುಟ್ಟಿದ್ದು ಮನುಷ್ಯನ ಇನ್ಸುಲಿನ್ ಆಗಲಾರದು, ಹಿಂದೆ ಪ್ರಾಣಿಗಳಿಂದ ತೆಗೆಯುತ್ತಿದ್ದುದೇ ಸಹಜ. ಇನ್ಸುಲಿನ್ ಎಂದರೆ 51 ಅಮೈನೋ ಆಮ್ಲಗಳ ಎರಡು ಸರಪಳಿ, ಒಂದರಲ್ಲಿ 21, ಇನ್ನೊಂದರಲ್ಲಿ 30. ಹಂದಿಯ ಇನ್ಸುಲಿನ್ ನಮ್ಮದಕ್ಕಿಂತ ಒಂದು ಕಡೆ ಬೇರೆ, ದನದ್ದು ಮೂರು ಕಡೆ ಬೇರೆ. ಮನುಷ್ಯನ ಜೀನಿನ ಸೂಚನೆ ಓದಿ ಯೀಸ್ಟ್ ಕೊಡುವ ಪೂರ್ವರೂಪವನ್ನು ಕಿಣ್ವದಿಂದ ಕತ್ತರಿಸಿ ಶುದ್ಧಗೊಳಿಸಿದಾಗ ಸಿಗುವ ಇನ್ಸುಲಿನ್‌ನಲ್ಲಿ ಒಂದು ಕಡೆಯೂ ವ್ಯತ್ಯಾಸವಿಲ್ಲ. ಮೂರು ವ್ಯತ್ಯಾಸವಿರುವುದು ಸಹಜ, ವ್ಯತ್ಯಾಸವೇ ಇಲ್ಲದ್ದು ಅಸಹಜ ಎನ್ನುವ ಲೆಕ್ಕ ಯಾವುದು? ಇನ್ನು ಪ್ರಾಣಿಯ ಸಾರದ ಶುದ್ಧತೆ. 1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲು ಕೊಟ್ಟ ಸಾರ ಎಷ್ಟು ಕಚ್ಚಾ ಇತ್ತೆಂದರೆ, ಚುಚ್ಚಿದ ಜಾಗ ಕೆರಳಿ, ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಗೊಳಿಸಿದ ಮೇಲೇ ಹುಡುಗ ಚೇತರಿಸಿಕೊಂಡದ್ದು. ಅವನನ್ನು ಉಳಿಸಿದ್ದು ಆ ಶುದ್ಧೀಕರಣ.

ಎರಡನೆಯದು ಹೆದರಿಸುವ ವಾದ: ಈ ಯೀಸ್ಟಿಗೆ ಮೆಥನಾಲ್ ಉಣಿಸುತ್ತಾರೆ, ಅದು ಕಳ್ಳಭಟ್ಟಿಯ ವಿಷ. ಮೆಥನಾಲ್ ವಿಷವೆಂಬುದು ನಿಜ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಆದರೆ ಪಿಕಿಯಾಕ್ಕೆ ಅದು ಆಹಾರ, ಮತ್ತು ಇನ್ಸುಲಿನ್ ಜೀನನ್ನು ಚಾಲೂ ಮಾಡುವ ಸೂಚನೆ. ತೊಟ್ಟಿಯಲ್ಲಿ ಯೀಸ್ಟ್ ಅದನ್ನು ತಿಂದು ಕರಗಿಸುತ್ತದೆ, ಇನ್ಸುಲಿನ್‌ನ ಪೂರ್ವರೂಪವನ್ನು ಹೊರಗಿನ ದ್ರವಕ್ಕೆ ಬಿಡುತ್ತದೆ. ಜೀವಕೋಶಗಳನ್ನು ಬೇರ್ಪಡಿಸಿ, ದ್ರವವನ್ನು ಹಂತಹಂತವಾಗಿ ಶೋಧಿಸಿ, ಹರಳುಗಟ್ಟಿಸಿ, ಪ್ರತಿ ಬ್ಯಾಚನ್ನೂ ಪರೀಕ್ಷಿಸಿದ ಮೇಲೆ ಬಾಟಲಿ ತುಂಬುತ್ತದೆ. ಗದ್ದೆಗೆ ಹಾಕಿದ ಗೊಬ್ಬರ ಅನ್ನದಲ್ಲಿ ಬರುತ್ತದೆಂದು ಯಾರೂ ಊಟ ಬಿಡುವುದಿಲ್ಲ.

ಬಿಟಿ ಬದನೆ ಬೇಡವೆಂದವರು ಕುಲಾಂತರಿ ಇನ್ಸುಲಿನ್ ಬೇಕೆನ್ನುವುದು ಹೇಗೆ ಎಂಬುದು ಮೂರನೆಯ ಪ್ರಶ್ನೆ. 2010ರಲ್ಲಿ ಬದನೆಯನ್ನು ತಡೆಹಿಡಿದಾಗ ಮುಂದಿದ್ದ ಪ್ರಶ್ನೆಗಳು ಹೊಲದಲ್ಲಿ ಪರಾಗ ಹರಡುವುದು, ನಮ್ಮ ನಾಟಿ ತಳಿಗಳು ಕೆಡುವುದು, ಬೀಜಕ್ಕಾಗಿ ರೈತ ಪರಾವಲಂಬಿಯಾಗುವುದು. ಇಲ್ಲಿ ಜೀವಿ ಮುಚ್ಚಿದ ಉಕ್ಕಿನ ತೊಟ್ಟಿ ದಾಟುವುದಿಲ್ಲ, ರೋಗಿಯ ಮೈಗೂ ಹೋಗುವುದಿಲ್ಲ. ಎರಡಕ್ಕೂ ಹೆಸರು ಒಂದೇ ಎಂಬುದು ವಾದವಲ್ಲ.

ನಾಲ್ಕನೆಯದು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಮಾತು: ಒಮ್ಮೆ ಸೂಜಿ ಹಿಡಿದರೆ ಚಟವಾಗುತ್ತದೆ, ಕಣ್ಣು, ಕಿಡ್ನಿ ಹೋಗುತ್ತವೆ. ಮೇದೋಜೀರಕ ಗ್ರಂಥಿ ತಯಾರಿ ನಿಲ್ಲಿಸಿದ ಮಗುವಿಗೆ ಇನ್ಸುಲಿನ್ ಚಟವಾಗುವುದಿಲ್ಲ. ಉಸಿರಾಡುವುದು ಚಟವೇ? ದೊಡ್ಡವರ ಸಕ್ಕರೆ ಕಾಯಿಲೆಯಲ್ಲಿ ಮಾತ್ರೆಗಳು ಸೋತು, ವರ್ಷಗಟ್ಟಲೆ ಸಕ್ಕರೆ ಏರಿದ್ದು ನರ, ರಕ್ತನಾಳ ಕೆಡಿಸಿದ ಮೇಲೆ ಸೂಜಿ ಶುರುವಾಗುತ್ತದೆ. ಆಮೇಲೆ ಕಾಲು ಕತ್ತರಿಸಬೇಕಾಗಿ ಬಂದರೆ ಆರೋಪ ಬರುವುದು ಕೊನೆಗೆ ಬಂದ ಸೂಜಿಯ ಮೇಲೆ. ಇದಕ್ಕೆ ಉತ್ತರ ಊಹೆಯಲ್ಲಿಲ್ಲ. ಅಮೆರಿಕ, ಕೆನಡಾಗಳಲ್ಲಿ 1,441 ಮಂದಿಯ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ, ಇನ್ಸುಲಿನ್‌ನಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣಿನ ಕಾಯಿಲೆ ಶುರುವಾಗುವ ಅಪಾಯ ಶೇ. 76ರಷ್ಟು ತಗ್ಗಿತು. ಇನ್ಸುಲಿನ್ ಕಣ್ಣು ತೆಗೆಯುತ್ತದೆ ಎನ್ನುವವರು ಈ ಅಂಕಿಗೆ ಎಂದೂ ಉತ್ತರಿಸುವುದಿಲ್ಲ, ವಿಷಯ ಬದಲಿಸುತ್ತಾರೆ.

ಬದಲಿಸಿ ಹೋಗುವುದು ಹಿತ್ತಲಿನ 'ಇನ್ಸುಲಿನ್ ಗಿಡ'ಕ್ಕೆ. ದಿನಕ್ಕೆರಡು ಎಲೆ ಅಗಿದರೆ ಸೂಜಿ ಬೇಡ ಎಂಬುದು ಐದನೆಯ ವಾದ. ಎಲೆಯಲ್ಲಿ ಇನ್ಸುಲಿನ್ ಇದೆ ಎನ್ನುವುದಾದರೆ, ಅಗಿದು ನುಂಗಿದ ಇನ್ಸುಲಿನ್ ಮಾಂಸದ ಪ್ರೋಟೀನಿನಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಚುಚ್ಚಿಕೊಳ್ಳುವ ಕಾರಣವೇ ಅದು. ಇನ್ಸುಲಿನ್ ಇಲ್ಲ ಎನ್ನುವುದಾದರೆ, ಅದರ ಬದಲಿಗೆ ಈ ಎಲೆಯನ್ನು ಹೇಗೆ ಒಪ್ಪುವುದು? ಎರಡರಲ್ಲಿ ಯಾವುದನ್ನು ಒಪ್ಪಿದರೂ ವಾದ ಬೀಳುತ್ತದೆ. ಹಾಗಲಕಾಯಿ, ಮಧುನಾಶಿನಿ ತಿನ್ನುವವರು ತಿನ್ನಲಿ. ಅದನ್ನು ನಂಬಿ ಹುಡುಗನ ಸೂಜಿ ನಿಲ್ಲಿಸಿದರೆ ರಕ್ತ ಆಮ್ಲವಾಗಿ, ಅವನು ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತಾ ಪ್ರಜ್ಞೆ ತಪ್ಪುತ್ತಾನೆ. ಮೈಸೂರಿನ ದೊಡ್ಡಾಸ್ಪತ್ರೆಗೆ ಅವನನ್ನು ಹೊತ್ತೊಯ್ಯುವಾಗ ಎಲೆ ಕೊಟ್ಟವರು ಜೊತೆಗಿರುವುದಿಲ್ಲ.

ಕೊನೆಯದು: ಇದೆಲ್ಲ ಕಂಪನಿಗಳ ವ್ಯಾಪಾರ. ವ್ಯಾಪಾರವೇ ಹೌದು, ಮತ್ತು ಬೆಲೆಯನ್ನು ಪ್ರಶ್ನಿಸಲೇಬೇಕು. ಇನ್ಸುಲಿನ್ ಕಂಡುಹಿಡಿದವರು ಅದರ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟವರು. ಆದರೆ ಬೆಲೆ ಹೆಚ್ಚಾದರೆ ಕೇಳಬೇಕಾದ್ದು ಅಗ್ಗದ ಇನ್ಸುಲಿನ್. ವಿದೇಶಿ ಕಂಪನಿಗಳ ಹಿಡಿತದಲ್ಲಿದ್ದ ಮಾರುಕಟ್ಟೆಗೆ 2003ರಲ್ಲಿ ವೊಖಾರ್ಟ್, ಮರುವರ್ಷ ಬಯೋಕಾನ್ ಬಂದದ್ದು ಯೀಸ್ಟಿನ ಬಲದಿಂದಲೇ. ದಿನಕ್ಕೆ ಹತ್ತು ಅಮೆರಿಕನ್ ಸೆಂಟಿಗಿಂತ ಕಡಿಮೆಗೆ ಬಡ ದೇಶಗಳಿಗೆ ಕೊಡುತ್ತೇನೆಂದು 2019ರಲ್ಲಿ ಬಯೋಕಾನ್ ಘೋಷಿಸಿದ್ದೂ ಈ ಮಾನವ ಇನ್ಸುಲಿನ್ನನ್ನೇ. ಬಡವರ ಪರ ನಿಜವಾಗಿ ಮಾತಾಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು ಕೇಳಲಿ: ಬಾಟಲಿ ತಿಂಗಳು ತಪ್ಪದೆ ಯಾಕೆ ಸಿಗಬಾರದು? ಮಿಲಿಗೆ 40 ಯೂನಿಟ್‌ನ ಬಾಟಲಿ ಕೊಟ್ಟ ಕೈಯಲ್ಲೇ ಕೆಂಪು ಮುಚ್ಚಳದ 40ರ ಸಿರಿಂಜನ್ನೂ ಯಾಕೆ ಕೊಡಬಾರದು? ನೂರರ ಸಿರಿಂಜಿನಲ್ಲಿ 40ರ ಗೆರೆಯವರೆಗೆ ಎಳೆದುಕೊಂಡವರ ಮೈಗೆ ಹೋಗುವುದು 16 ಯೂನಿಟ್ ಮಾತ್ರ. ಫ್ರಿಡ್ಜ್ ಇಲ್ಲದ ಮನೆಯಲ್ಲಿ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿ ಇಡುವುದನ್ನು ಯಾಕೆ ತೋರಿಸಿಕೊಡಬಾರದು? ಇಷ್ಟನ್ನೂ ಕೇಳುವವರ ಜೊತೆ ನಾನೂ ಬಂದು ನಿಲ್ಲುತ್ತೇನೆ.